ಮಾವನವರ ಚುಕ್ಕಿ ಕೀ

ನನ್ನ ಮಾವನವರು ಗೋಡೆ ಗಡಿಯಾರ ನೋಡಿ ಟೈಮು ನಂಬುವವರಲ್ಲ. ಫೋನಿನಲ್ಲೊಮ್ಮೆ, ಪಕ್ಕದ ಮನೆಯಲ್ಲೊಮ್ಮೆ ವಿಚಾರಿಸಿ, ಮೂರೂ ಒಂದೇ ಆಗಿದ್ದರೆ "ಎಲ್ಲಾ ಸೇರ್ಕೊಂಡವ್ರೆ" ಎಂದು ಅನುಮಾನಪಡುವವರು! ಇಂಥವರ ಒಬ್ಬಳೇ ಮಗಳನ್ನು ನಾನು ಕೇಳಲು ಹೋದೆ. ನನ್ನ ಧೈರ್ಯಕ್ಕೆ ಏನೆನ್ನುತ್ತೀರಿ?

ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಂಡು ನಿವೃತ್ತರಾದವರು. ಕಂಪ್ಯೂಟರಿನಲ್ಲಿ ಟೈಪಿಸಲು ಬಳಸುವುದು ಎಡಿಟರ್ ಎಂಬ ಒಂದು ವಿಚಿತ್ರ ತಂತ್ರಾಂಶ. ಅದರಲ್ಲಿ ಒಂದು ಮೋಡಿನಲ್ಲಿ ಕೀ ಒತ್ತಿದರೆ ಅಕ್ಷರ, ಇನ್ನೊಂದರಲ್ಲಿ ಅದೇ ಕೀ ಹುಕುಂ. "ಕಳ್ಳ ಬಂದು ಕೂತ್ರೆ ಆಚೆ ಬರೋ ದಾರೀನೂ ಸಿಗಲ್ಲ ಅವ್ನಿಗೆ" ಎಂಬ ಹೆಮ್ಮೆ ಬೇರೆ. ಈ ಲೋಕದಲ್ಲಿ ಅವರು ಪೂರ್ತಿ ನಂಬುತ್ತಿದ್ದದ್ದು ಅದರ ಚುಕ್ಕಿ ಕೀಯನ್ನು ಮಾತ್ರ. ಒಮ್ಮೆ ಮಾಡಿದ ತಿದ್ದುಪಡಿಯನ್ನು, ಚುಕ್ಕಿ ಒತ್ತಿದಲ್ಲೆಲ್ಲ ಅದು ಹಾಗೆಯೇ ಮಾಡಿಕೊಡುತ್ತದೆ.

ನಿಶ್ಚಿತಾರ್ಥವಾದ ಮೇಲೆ ಕುಂದಾಣದ ನಮ್ಮ ಕಡೆಯ ನೆಂಟರ ಪಟ್ಟಿಯನ್ನು ಅದರಲ್ಲೇ ಟೈಪಿಸಿಟ್ಟರು. ಅವರ ಮನಸ್ಸು ಗೆಲ್ಲಬೇಕಲ್ಲ? ಅವರು ಹಾಲು ತರಲು ಹೋದಾಗ ಎಡಿಟರಿಗೆ ಪ್ಲಗಿನ್ ಎಂಬ ಒಂದು ಪುಟ್ಟ ಜೋಡಣೆ ಸೇರಿಸಿದೆ. ಬ್ರಾಕೆಟ್ ತೆರೆದರೆ ತಾನೇ ಮುಚ್ಚುತ್ತದೆ. ಅಚ್ಚರಿಪಡಲಿ ಎಂದು ಹೇಳಲಿಲ್ಲ. ಎಂಥ ಬುದ್ಧಿವಂತ ನಾನು!

ಮರುದಿನವೇ ಮಾವನವರ ಫೋನು: "ಸ್ವಲ್ಪ ಬಾರಪ್ಪಾ ಇಲ್ಲಿ."

ಹೋಗಿ ನೋಡಿದರೆ, ಪಟ್ಟಿಯಲ್ಲಿ ನಮ್ಮ ದೊಡ್ಡಪ್ಪನ ಹೆಸರಿನ ಮುಂದೆ "(ವಿಚಾರಿಸಬೇಕು)" ಎಂದಿತ್ತು. ಮಿಕ್ಕವರ ಹೆಸರಿನ ಮುಂದೆ ಚುಕ್ಕಿ ಒತ್ತಿದಲ್ಲೆಲ್ಲ ಬರೀ ಮುಚ್ಚುವ ಬ್ರಾಕೆಟ್! ಪ್ಲಗಿನ್ ನಡುವೆ ಕೈಯಾಡಿಸಿದ್ದರಿಂದ ಚುಕ್ಕಿಗೆ ಕೊನೆಯ ತುಂಡಷ್ಟೇ ನೆನಪಿತ್ತು.

"ಇಷ್ಟು ವರ್ಷ ಇದು ಕೈಕೊಟ್ಟಿರ್ಲಿಲ್ಲ. ಕೀಬೋರ್ಡ್ ಮೇಲೆ ಟವಲ್ ಮೂರು ಮಡಿಕೆ ಹಾಕಿರ್ತೀನಿ. ನೆನ್ನೆ ಹಾಲು ತಂದು ನೋಡಿದ್ರೆ ಎರಡೇ. ಯಾರು ಮುಟ್ಟಿದ್ದು?"

ಅಡುಗೆಮನೆಯಿಂದ ಅತ್ತೆ, "ಬೆಕ್ಕಿರ್ಬೇಕು ಬಿಡಿ" ಎಂದರು.

"ಬೆಕ್ಕು ಟವಲ್ ಮಡಿಸ್ತೈತೇನೆ?"

ಲಗ್ನಪತ್ರಿಕೆ ಇನ್ನೂ ಪ್ರೆಸ್ಸಿಗೆ ಹೋಗಿರಲಿಲ್ಲ. ಬೆಕ್ಕಿನ ಮೇಲೆ ಹಾಕಿದರೆ ಬಚಾವು, ಒಪ್ಪಿಕೊಂಡರೆ ಮದುವೆಯೇ ಹೋಯಿತು.

"ನಾನೇ ಮಾವ. ನಿಮಗೆ ಖುಷಿಯಾಗ್ಲಿ ಅಂತ ಒಂದು ಪ್ಲಗಿನ್ ಹಾಕ್ಬಿಟ್ಟೆ. ತಪ್ಪಾಯ್ತು."

ಮಾವ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ತೆಗಿ ಅದನ್ನ" ಎಂದರು. ತೆಗೆದೆ. ಮತ್ತೆ ಮೊದಲಿನಿಂದ ಟೈಪಿಸಿ ಚುಕ್ಕಿ ಒತ್ತುತ್ತಾ ಹೋದರು. ಚಿಕ್ಕಪ್ಪ ವಿಚಾರಿಸಬೇಕು, ಸೋದರತ್ತೆ ವಿಚಾರಿಸಬೇಕು, ನಮ್ಮಮ್ಮನನ್ನೂ ವಿಚಾರಿಸಬೇಕು! ಕಡೆಯದು ನನ್ನ ಹೆಸರು. ಬೆರಳು ಚುಕ್ಕಿಯ ಮೇಲೆ ನಿಂತಿತು. ಆಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿದರು: "(ನಮ್ಮ ಹುಡುಗ)".

ನನ್ನ ಕಣ್ಣು ತುಂಬಿಬಂತು. ಅದನ್ನು ಮರೆಮಾಚಲು, "ಚುಕ್ಕಿ ಒತ್ಲಿಲ್ವಾ ಮಾವ?" ಎಂದೆ.

"ಅದು ಹತ್ತಾರು ಸಲ ಮಾಡೋ ಕೆಲ್ಸಕ್ಕೆ ಕಣಪ್ಪಾ. ನನಗಿರೋದು ಒಬ್ಳೇ ಮಗ್ಳು."