ಅಂಗಳದಲ್ಲಿ ನೆಟ್ಟ ಜರ್ಮನಿ

ಬಿ.ಎ. ಪಾಸಾದವನ ಮಾತಿಗೆ ಲೋಕದಲ್ಲಿ ಎಲ್ಲಿಯಾದರೂ ಬೆಲೆ ಸಿಕ್ಕೀತು, ಅವನ ಸ್ವಂತ ಅಡಿಗೆಮನೆಯಲ್ಲಿ ಮಾತ್ರ ಸಿಕ್ಕದು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಪ್ರಥಮ ಮಹಾಪುರುಷ ನಾನು. (ಹಿಂದಿನವರು ಹತ್ತಿದ್ದು ಎತ್ತಿನ ಬಂಡಿಯನ್ನು.) ಆದರೂ ಶಿರಸಿಯ ಒಂದು ದಲಾಲಿ ಅಂಗಡಿಯಲ್ಲಿ ಇಂಗ್ಲಿಷ್ ಕಾಗದ ಬರೆಯುತ್ತ ಕೊಳೆಯುತ್ತಿದ್ದೆ. ಅಷ್ಟರಲ್ಲಿ ಸಾಗವಾನಿ ಕೊಳ್ಳಲು ಜರ್ಮನಿಯಿಂದ ಕ್ರಾಮರ್ ಸಾಹೇಬ ಬಂದ. ಅರಬೈಲಿನ ಕಾಡಿನಲ್ಲಿ ಬಿಡಾರ ಹೂಡಿ ಕೆಲಸ ನೋಡಿಕೊಳ್ಳಲು ಅವನಿಗೊಬ್ಬ ಮ್ಯಾನೇಜರ್ ಬೇಕಾಗಿತ್ತು. ಆ ಮ್ಯಾನೇಜರ್ ನಾನೇ ಎಂದು ನಿಶ್ಚಯಿಸಿದೆ.

ಮೇ ತಿಂಗಳು ಬಂತೆಂದರೆ ಜರ್ಮನರು ಎತ್ತರದ ಕಂಬ ನೆಟ್ಟು, ತಳಿರು ಹೂ ಕಟ್ಟಿ, ಸುತ್ತಲೂ ಕುಣಿದು ವಸಂತವನ್ನು ಸ್ವಾಗತಿಸುತ್ತಾರೆ. ಬಿಳಿಯ ಎಳೆಕಾಂಡಗಳನ್ನೂ ಮಾಂಸ ತುಂಬಿದ ಉದ್ದನೆಯ ಸುರುಳಿಗಳನ್ನೂ ತಿಂದು, ಪರಿಮಳದ ಎಲೆ ತೇಲಿಸಿದ ದ್ರಾಕ್ಷಾರಸ ಕುಡಿಯುತ್ತಾರೆ ಎಂದು ವಾಚನಾಲಯದ ಹಳೆಯ ಮಾಸಿಕದಲ್ಲಿ ಓದಿದ್ದೆ. ಸಾಹೇಬನ ಹಬ್ಬವನ್ನು ಸಾಹೇಬನಿಗೇ ಬಡಿಸಿದರೆ ನೌಕರಿ ಎಲ್ಲಿ ಹೋದೀತು?

ನಮ್ಮದು ಲಿಂಗಪೂಜೆಯ ಮನೆ. ಮದ್ಯಮಾಂಸ ಹೊಸಿಲು ದಾಟುವಂತಿಲ್ಲ. ಆದ್ದರಿಂದ ಎಳೆಕಾಂಡದ ಬದಲು ಉಪ್ಪಿನಲ್ಲಿಟ್ಟ ಬಿದಿರಿನ ಕಳಲೆ, ಸುರುಳಿಯ ಬದಲು ಉದ್ದನೆಯ ಕಡುಬು, ದ್ರಾಕ್ಷಾರಸದ ಬದಲು ಮುರುಗಲು ಹಣ್ಣಿನ ಪಾನಕ ಎಂದು ಹೆಂಡತಿ ನೀಲಗಂಗವ್ವನಿಗೆ ಆಜ್ಞೆ ಮಾಡಿದೆ.

"ಪಾನಕದಾಗ ಎಲಿ ಯಾಕ್ರಿ?"

"ಜರ್ಮನ್ ಪದ್ಧತಿ."

"ನಮ್ಮ ಎಮ್ಮಿ ಸುದ್ದಾ ಎಲಿ ಬ್ಯಾರೆ, ನೀರು ಬ್ಯಾರೆ ಕೇಳತೈತಿ. ನಿಮ್ಮ ಸಾಹೇಬಗ ಅಷ್ಟೂ ತಿಳುವಳಿಕಿ ಇಲ್ಲೇನು?"

ಉತ್ತರ ಕೊಡುವುದು ನನ್ನ ಪದವಿಗೆ ತಕ್ಕದ್ದಲ್ಲವೆಂದು ಅಂಗಳಕ್ಕೆ ಹೋಗಿ ಕಂಬ ನೆಡಿಸಿದೆ. ಅವಳು ಹಿಂದೆಯೇ ಬಂದಳು.

"ಬಾಗಿಲ ಮುಂದ ಮಾವಿನ ತಳಿರು ಕಟ್ಟಿ ಕಂಬ ನೆಟ್ರ ಮಂದಿ ಹಂದರಗಂಬ ಅಂತಾರ. ಮದುವಿ ಯಾರದಂತ ಕೇಳಿದ್ರ?"

"ಕೇಳುವವರು ಕೂಪಮಂಡೂಕಗಳು!"

"ಆತು. ನಿಮ್ಮ ಕಂಬ, ನಿಮ್ಮ ಕುತ್ತಿಗಿ."

ಅವಳು ಒಳಗೆ ಹೋದದ್ದೇ ತಡ, ನೆರೆಮನೆಯ ಇಸಾಕ್ ಮೋಟಾರು ನಿಲ್ಲಿಸಿದ. ಮುಂಡಗೋಡದ ಮೇಲಿಂದ ಹುಬ್ಬಳ್ಳಿಗೆ ಓಡುವ ಮೋಟಾರು ಅದು. ಮುಂಡಗೋಡ ನನ್ನ ಮಾವನ ಊರು.

"ಕಂಬ ಜೋರ್ ಐತಿ, ಬಿ.ಎ. ಸಾಹೇಬ್ರ. ಕಾರ್ಯ ಯಾವಾಗ?"

"ನಾಳೆ ಸಂಜೆ."

"ಮನಿಯವರದು ಒಪ್ಪಿಗಿ ಐತೇನ್ರಿ?"

"ಅವಳ ಒಪ್ಪಿಗೆ ಯಾರಿಗೆ ಬೇಕು! ನಿನಗೆ ಇದೆಲ್ಲ ತಿಳಿಯುವುದಿಲ್ಲ, ನಡೆ."

ಮರುದಿನ ಸಂಜೆ ಸಾಹೇಬ ಬಂದು ಕುರ್ಚಿಯಲ್ಲಿ ಕುಳಿತ. ನಾನು ಕೋಟು, ರುಮಾಲುಸಹಿತ ಕಂಬದ ಸುತ್ತ ಒಬ್ಬನೇ ಕುಣಿಯತೊಡಗಿದೆ. ಆಗಲೇ ಇಸಾಕನ ಮೋಟಾರು ಬಂದು ನಿಂತಿತು. ಅದರಿಂದ ಮೊದಲು ಒಂದು ಬಡಿಗೆ ಇಳಿಯಿತು, ಆಮೇಲೆ ಅದನ್ನು ಹಿಡಿದ ನನ್ನ ಮಾವ ಶಿವಪುತ್ರಪ್ಪನವರು, ಅವರ ಹಿಂದೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಮೂರು ಸಲ ನಪಾಸಾದ ಅವರ ಮಗ ಮಂಜಪ್ಪ, ಅವನ ಹಿಂದೆ ಇಡೀ ಬೀಗರ ಬಳಗ.

"ಮಕ್ಕಳಾಗಲಿಲ್ಲಂತ ನನ್ನ ಮಗಳ ಮ್ಯಾಲ ಸವತಿ ತರ್ತಿಯೇನು? ಎಲ್ಲಿ ಅದಾಳ ಆಕಿ?"

"ಮಾವನವರೇ, ಇದು ಜರ್ಮನಿಯ—"

"ಹೆಣ್ಣು ಜರ್ಮನಿದೇನು! ಈ ಕೆಂಪು ಮಾರಿಯಂವಾ ಆಕಿ ಅಪ್ಪನೇನು?" ಬಡಿಗೆ ಸಾಹೇಬನ ಕಡೆ ತಿರುಗಿತು.

ಒಂದು ಮಾತಿನಿಂದ ನನ್ನನ್ನು ಉಳಿಸಬಹುದಾಗಿದ್ದ ನೀಲಗಂಗವ್ವ ಎಲ್ಲರಿಗೂ ಸಾವಕಾಶವಾಗಿ ನೀರು ಕೊಟ್ಟು, ಆಮೇಲೆ ಹೇಳಿದಳು: "ಹೆಣ್ಣೂ ಇಲ್ಲ, ಗಿಣ್ಣೂ ಇಲ್ಲಪ್ಪಾ. ಇವರಿಗೆ ಬರೇ ಹುಚ್ಚು."

ಬಡಿಗೆ ಇಳಿಯಿತು, ಮಾವನ ಹಟ ಇಳಿಯಲಿಲ್ಲ. "ನೆಟ್ಟ ಹಂದರಗಂಬ ಮದುವಿ ಆಗದ ಕಿತ್ತರ ಮನಿಗೆ ಕೇಡು. ಬಂದ ಮಂದಿ ಅಕ್ಕಿಕಾಳು ಹಾಕೇ ಹೋಗೂದು."

ಹೀಗೆ ಜರ್ಮನ್ ಕಂಬದ ಬುಡದಲ್ಲಿ, ನನ್ನ ಹೆಂಡತಿಯೊಡನೆಯೇ ನನಗೆ ಮರುಮದುವೆಯಾಯಿತು. ಮಾಲೆ ಹಾಕುವಾಗ ಅವಳು ಪಿಸುಗುಟ್ಟಿದಳು: "ಹೋದ ಸಲ ನಿಮ್ಮನ್ನ ನೋಡದ ಒಪ್ಪಿದ್ದೆ. ಈ ಸಲ ನೋಡಿ ನೋಡಿ ಬಾವ್ಯಾಗ ಬೀಳಾಕ್ಹತ್ತೀನಿ."

ಸಾಹೇಬ ಕಳಲೆಯನ್ನು ಮೂಸಿ ದೂರ ಸರಿಸಿದ. ಪಾನಕದೊಳಗಿನ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದು ಕುಡಿದ. ನಾನು ಮದುವೆಯ ಅರ್ಥವನ್ನು ಇಂಗ್ಲಿಷಿನಲ್ಲಿ ವಿವರಿಸಿ, ಅದೇ ಉಸಿರಿನಲ್ಲಿ ನೌಕರಿಯ ಮಾತೆತ್ತಿದೆ. ಅವನು ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡ.

"ಇದ್ದ ಹೆಂಡತಿಯನ್ನೇ ಮತ್ತೊಮ್ಮೆ ಮದುವೆಯಾಗುವಷ್ಟು ಪ್ರೀತಿ! ನೀನು ಆ ಕಾಡಿನಲ್ಲಿ ಒಬ್ಬನೇ ಒಂದು ವಾರವೂ ಇರಲಾರೆ. ನಿಮ್ಮನ್ನು ಅಗಲಿಸುವ ಪಾಪ ನನಗೆ ಬೇಡ. ಆ ಹುಡುಗನಿಗೆ ಮದುವೆಯಾಗಿಲ್ಲ ತಾನೆ?"

ಮಂಜಪ್ಪ ಈಗ ಅರಬೈಲಿನಲ್ಲಿ ಮ್ಯಾನೇಜರ್. ಕಂಬ ಇನ್ನೂ ನಮ್ಮ ಅಂಗಳದಲ್ಲೇ ಇದೆ. ಎಮ್ಮೆ ಕಟ್ಟುವುದಕ್ಕೆ ಅನುಕೂಲವಾಗಿದೆಯೆಂದು ನನ್ನ ಹೊಸ ಹೆಂಡತಿಯ ಅಭಿಪ್ರಾಯ.