ಗೋಡೆಗೆ ಮೊದಲು ಮೊಳೆ, ಆಮೇಲೆ ಚದುರಂಗ

ದೊಡ್ಡ ಆಟಗಾರರ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಸಾಮಾನ್ಯ ಮಂದಿಗೆ ಆಟದಲ್ಲಿ ಆಗುವುದು ಎರಡೇ, ಸೋಲು ಇಲ್ಲವೆ ಗೆಲುವು. ನಮ್ಮಂಥವರಿಗೆ ಮೂರನೆಯದೂ ಒಂದು ಆಗುತ್ತದೆ. ಅದಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ. ಅಣ್ಣನ ಮಕ್ಕಳು ಈಗಲೂ ಕಾಡುತ್ತಾರೆ: "ಕಾಕಾ, ರಾಯಚೂರಾಗ ನೀ ಗೆದ್ದ್ಯೋ ಸೋತ್ಯೋ, ಒಂದು ಹೇಳು." ಗೊತ್ತಿದ್ದರೆ ಹೇಳುತ್ತಿರಲಿಲ್ಲವೆ? ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ತೀರ್ಪು ನಿಮ್ಮದು.

೧. ಮೊಳೆ

ಜರ್ಮನಿಯವನು ಯುದ್ಧ ಹೂಡಿದ್ದ ಕಾಲ. ನನ್ನ ಒಬ್ಬಳೇ ಮಗಳನ್ನು ಮಾನ್ವಿಗೆ ಕೊಟ್ಟು ಐದಾರು ತಿಂಗಳಾಗಿತ್ತು. ಅಳಿಯ ಸಾಲಿ ಮಾಸ್ತರ. ಮೊದಲ ದೀಪಾವಳಿ ಹತ್ತಿರ ಬಂತು. ಅಳಿಯ ಬಾಯಿಬಿಟ್ಟು ಏನನ್ನೂ ಕೇಳುವವನಲ್ಲ. ಮಗಳ ಕಾಗದದ ಕೊನೆಗೆ ಮಾತ್ರ ಒಂದು ಸಾಲು ಇತ್ತು: "ಇಲ್ಲೆ ಸಾಲಿಗೆ ಹೋಗೋ ಹೊತ್ತು ತಿಳಿಯಂಗಿಲ್ಲ. ಗ್ವಾಡಿ ಖಾಲಿ ಅದ."

ಗೋಡೆ ಗಡಿಯಾರ ಅಂತ ಅರ್ಥ ಮಾಡಿಕೊಂಡೆ. ಆದರೆ ಯುದ್ಧದ ದೆಸೆಯಿಂದ ಪೇಟೆಯಲ್ಲಿ ಗಡಿಯಾರವೇ ಇರಲಿಲ್ಲ. "ಲಡಾಯಿ ಮುಗೀಲಿ, ಬರ್ರಿ" ಎನ್ನುತ್ತಿದ್ದರು ಅಂಗಡಿಯವರು. ಲಡಾಯಿ ನನ್ನ ಕೈಯಲ್ಲಿರಲಿಲ್ಲ. ಇದ್ದಿದ್ದರೆ ದೀಪಾವಳಿಯೊಳಗೆ ಮುಗಿಸಿಬಿಡುತ್ತಿದ್ದೆ.

ಅಷ್ಟರಲ್ಲಿ ಸುದ್ದಿ ಬಂತು. ರಾಯಚೂರಿನ ಹತ್ತಿ ಜಿನ್ನಿನ ಗಿರಣಿಯ ಸಾಹುಕಾರರು ಗುರುವಾರ ಮಧ್ಯಾಹ್ನದಿಂದ ಶುಕ್ರವಾರದ, ಅಂದರೆ ಆಗ ನಮ್ಮ ಸೀಮೆಯಲ್ಲಿದ್ದ ವಾರದ ರಜೆ ಮುಗಿಯುವ ತನಕ ಚದುರಂಗದ ಪಂದ್ಯ ಇಟ್ಟಿದ್ದಾರೆ, ಬಹುಮಾನ ಒಂದು ಗೋಡೆ ಗಡಿಯಾರ! ಸಾಹುಕಾರರ ಮನೆಯಲ್ಲಿ ಎರಡು ಗಡಿಯಾರ ಇದ್ದವಂತೆ, ಒಂದು ಹೇಳಿದ್ದನ್ನು ಇನ್ನೊಂದು ಒಪ್ಪುತ್ತಿರಲಿಲ್ಲವಂತೆ. ಜಗಳ ಸಾಕಾಗಿ ಒಂದನ್ನು ಹೊರಗೆ ಹಾಕಿದ್ದರು.

ನಾನು ಅದೇ ಕ್ಷಣ ನಮ್ಮ ಪಡಸಾಲೆಯ ಗೋಡೆಗೆ ಮೊಳೆ ಹೊಡೆದೆ. ಹೆಂಡತಿ ಒಳಗಿನಿಂದ ಓಡಿ ಬಂದಳು.

"ಏನ್ ಮಾಡಾಕತ್ತೀರಿ?"

"ಗಡಿಯಾರಕ್ಕ. ಹಬ್ಬದ ತನಕ ನಮ್ಮನ್ಯಾಗ ಇರ್ಲಿ, ಊರು ನೋಡ್ಲಿ. ಆಮ್ಯಾಲ ಅಳಿಯಗ ಕೊಟ್ರಾತು."

"ಗಡಿಯಾರ ಎಲ್ಲ್ಯದ?"

"ಗೆಲ್ಲಬೇಕು, ಅಷ್ಟ."

ಉದುರಿದ ಗಾರೆಯನ್ನು ಗುಡಿಸುತ್ತ ಅವಳು ಅಂದಳು: "ಗ್ವಾಡಿ ಕೂಡ ಆಡೋದ್ರಾಗ ನೀವು ಶ್ಯಾಣ್ಯಾರು ಬಿಡ್ರಿ. ಅದು ತಿರುಗಿ ನಡಿ ನಡಸಂಗಿಲ್ಲ."

೨. ಮೊದಲ ಗೆಲುವು, ಹೆಗಲಿನಿಂದ

ಆಗ ಬಸ್ಸುಗಳು ಪೆಟ್ರೋಲು ಬಿಟ್ಟು ಇದ್ದಿಲು ತಿನ್ನುತ್ತಿದ್ದವು. ಹಿಂದೆ ಒಂದು ಒಲೆ, ಅದರ ಹೊಗೆಯ ಮೇಲೆ ಗಾಡಿ. ಏರು ಬಂತೆಂದರೆ ಬಸ್ಸು ನಿಲ್ಲುತ್ತಿತ್ತು, ನಾವು ಇಳಿಯುತ್ತಿದ್ದೆವು. ದೇವದುರ್ಗದಿಂದ ರಾಯಚೂರಿಗೆ ನಾನು ಬಸ್ಸಿನಲ್ಲಿ ಬಂದೆ ಎನ್ನುವುದಕ್ಕಿಂತ ಬಸ್ಸು ನನ್ನ ಜೊತೆ ಬಂತು ಎನ್ನುವುದು ಸರಿ. ನನ್ನ ಆಟದ ಗೆಳೆಯ, ನಮ್ಮೂರ ಲೆಕ್ಕ ಬರೆಯುವ ಪಟವಾರಿಯೂ ಸಂಗಡ ಇದ್ದ. ಇಳಿದಾಗ ಇಬ್ಬರ ಮುಖವೂ ಬಾಣಲೆಯ ತಳ.

ಒಟ್ಟು ಹದಿನಾರು ಆಟಗಾರರು. ಒಂದೇ ಕಡೆ ಜಾಗ ಸಾಲದೆ ಎಂಟು ಮಂದಿಗೆ ವಾಚನಾಲಯ, ಉಳಿದ ಎಂಟು ಮಂದಿಗೆ ಎದುರಿನ ಧರ್ಮಶಾಲೆ. ನನ್ನದು ವಾಚನಾಲಯ. ಮೊದಲ ಎದುರಾಳಿ ಕವಿತಾಳದ ಒಬ್ಬ ಭಾರಿ ಆಟಗಾರ ಎಂದರು. ನಾನು ಒಂದು ತಂಬಿಗೆ ನೀರು ಕುಡಿದೆ. ಬಸ್ಸು ತಳ್ಳಿದ ದಣಿವು, ಬೇರೆ ಏನಲ್ಲ.

ಒಂದು ತಾಸು ಕಾದರೂ ಅವರ ಸುಳಿವಿಲ್ಲ. ಆಮೇಲೆ ತಿಳಿಯಿತು, ಅವರ ಬಸ್ಸೂ ಏರಿನಲ್ಲಿ ನಿಂತಿತ್ತು. ಆದರೆ ಅದರಲ್ಲಿದ್ದವರೆಲ್ಲ ಮರ್ಯಾದಸ್ಥರು, ಯಾರೂ ಇಳಿಯಲಿಲ್ಲ. ಹಾಗೆ ಕುಳಿತೇ ಸೋತರು. ಕವಿತಾಳದ ಆ ಮಹಾನುಭಾವರನ್ನು ನಾನು ಹೇಗೆ ಸೋಲಿಸಿದೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಹೆಗಲು ತೋರಿಸುತ್ತೇನೆ.

೩. ಯಾರೂ ಬೈಯದ ಊರು

ದೇವದುರ್ಗದ ಕಟ್ಟೆಯ ಮೇಲೆ ಚದುರಂಗ ಆಡುವವರು ಇಬ್ಬರಲ್ಲ, ಇಪ್ಪತ್ತು ಮಂದಿ. ಆಡುವವನು ಕಾಯಿಯ ಮೇಲೆ ಕೈ ಇಡುತ್ತಾನೆ. ಹಿಂದೆ ಕುಂತವರು "ಬ್ಯಾಡಲೇ, ಮುಠ್ಠಾಳ!" ಎನ್ನುತ್ತಾರೆ. ಕೈ ತೆಗೆದು ಇನ್ನೊಂದನ್ನು ಮುಟ್ಟುತ್ತಾನೆ. ಯಾವ ಕಾಯಿಗೆ ಬೈಗುಳ ಬೀಳುವುದಿಲ್ಲವೋ ಅದನ್ನು ನಡೆಸುತ್ತಾನೆ. ಹೀಗೆ ಹದಿನೈದು ವರ್ಷ ಆಡಿಯೇ ನಾನು ದೇವದುರ್ಗದ ಹುಲಿ ಅನ್ನಿಸಿಕೊಂಡದ್ದು.

ರಾಯಚೂರಿನಲ್ಲಿ ಪಂಚರಾಗಿ ಒಬ್ಬ ಮುದಿ ವಕೀಲರು ಇದ್ದರು. "ನೋಡೋರು ತುಟಿ ಬಿಚ್ಚಂಗಿಲ್ಲ" ಎಂದು ಕಟ್ಟಪ್ಪಣೆ ಮಾಡಿದರು. ಪಟವಾರಿಯನ್ನು ದೂರದ ಬಾಕಿನ ಮೇಲೆ ಕೂಡಿಸಿದರು.

ಎರಡನೆಯ ಆಟ ಅತ್ತರಿನ ಅಂಗಡಿಯ ಸಾಹೇಬರ ಜೊತೆ. ನಾನು ರೂಢಿಯಂತೆ ಒಂದು ಪ್ಯಾದೆ, ಅಂದರೆ ಕಾಲಾಳು, ಮುಟ್ಟಿ ಕಿವಿಗೊಟ್ಟೆ. ಯಾರೂ ಬೈಯಲಿಲ್ಲ. ನಡೆಸಿದೆ. ಒಂಟೆ ಮುಟ್ಟಿದೆ. ನಿಶ್ಶಬ್ದ. ನಡೆಸಿದೆ. ಜೀವಮಾನದಲ್ಲಿ ಇಷ್ಟು ತಪ್ಪಿಲ್ಲದ ಆಟ ನಾನು ಆಡಿರಲಿಲ್ಲ! ಹುರುಪಿನಲ್ಲಿ ವಜೀರನನ್ನೇ ಎತ್ತಿ ಸಾಹೇಬರ ಆನೆಯ ಬಾಯಿಗೆ ಇಟ್ಟೆ. ದೂರದಲ್ಲಿ ಪಟವಾರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆನಂದಕ್ಕೆ ಅಂದುಕೊಂಡೆ.

ಸಾಹೇಬರು ಹುಬ್ಬೇರಿಸಿದರು. "ಏನ್ರೀ ಸ್ವಾಮಿ, ವಜೀರ್ ಮುಫತ್ತಾ?"

"ತಗೋರಿ ಸಾಹೇಬ್ರ."

ನಾನು ಹಾಗೆ ಅನ್ನಬಾರದಿತ್ತು, ಅಥವಾ ಅಂದದ್ದೇ ಸರಿಯಾಯಿತು. ಸಾಹೇಬರಿಗೆ ಗುಮಾನಿ ಹತ್ತಿತು. "ದೇವದುರ್ಗದ ಮಂದಿ ಸಂತ್ಯಾಗ ಒಂದು ಮೆಣಸಿನಕಾಯಿ ಮ್ಯಾಲ ಹಾಕಂಗಿಲ್ಲ. ವಜೀರ್ ಹೆಂಗ ಕೊಡ್ತಾರ? ಇದ್ರಾಗ ಏನೋ ಅದ" ಎಂದು ಗೊಣಗುತ್ತ ಗಡ್ಡ ಹಿಡಿದು ಕುಳಿತರು. ಅರ್ಧ ತಾಸು ಬೆವತರು. ಕೋಣೆಯೆಲ್ಲ ಗುಲಾಬಿ ವಾಸನೆ. ಕೊನೆಗೆ "ನಾ ಮೋಸ ಹೋಗಂಗಿಲ್ಲ" ಎಂದು ಆನೆಯನ್ನು ದೂರ ಸರಿಸಿಬಿಟ್ಟರು.

ನನ್ನ ಕೈ ಇನ್ನೂ ವಜೀರನ ಹತ್ತಿರವೇ ಇತ್ತು. ಮುಂದಿನ ಮನೆ ಖಾಲಿ ಕಂಡಿತು, ತಳ್ಳಿದೆ. ಸಾಹೇಬರು ಹಲಗೆಯನ್ನು ನೋಡಿದರು, ನನ್ನನ್ನು ನೋಡಿದರು, ಹಣೆ ಬಡಿದುಕೊಂಡರು.

"ಮಾತ್! ಮೇರಾ ಬಾದಶಾ ಸತ್ತಾನ್ರೀ! ನಿಮಗ ಗೊತ್ತಾಗಿಲ್ಲ?"

"ಗೊತ್ತಿತ್ತು ಸಾಹೇಬ್ರ. ಸಾವಿನ ಸುದ್ದಿ ಮನಿಯವ್ರ ಬಾಯಿಂದ ಬರ್ಲಿ ಅಂತ ಸುಮ್ನಿದ್ದೆ."

೪. ಏಕತರ್ಫಿ ತೀರ್ಪು

ಶುಕ್ರವಾರ ಬೆಳಿಗ್ಗೆ ಮೂರನೆಯ ಆಟ, ರೈಲು ಸ್ಟೇಷನ್ನಿನ ಗುಮಾಸ್ತರ ಜೊತೆ. ಕೋಟು ಹಾಕಿಕೊಂಡೇ ಬಂದಿದ್ದರು. ಆಡುತ್ತ ಆಡುತ್ತ ಅವರು ಒಂದೇ ಸಲಕ್ಕೆ ರಾಜನನ್ನೂ ಆನೆಯನ್ನೂ ಎತ್ತಿ ಅದಲು ಬದಲು ಮಾಡಿಬಿಟ್ಟರು. ನನಗೆ ಗಾಬರಿ. ವಕೀಲರತ್ತ ನೋಡಿದೆ, ಅವರು ಸುಮ್ಮನೆ ಇದ್ದರು. ಓಹೋ, ಈಗ ಎರಡೆರಡು ನಡೆ ಇರಬೇಕು ಎಂದುಕೊಂಡು ನಾನೂ ಒಂದು ಕುದುರೆ, ಒಂದು ಒಂಟೆ ನಡೆಸಿದೆ.

"ಏನ್ರೀ ಇದು?" ಎಂದರು ಗುಮಾಸ್ತರು.

"ನೀವು ಎರಡು, ನಾನೂ ಎರಡು. ನ್ಯಾಯ ನ್ಯಾಯ."

"ವಿಲಾಯತಿ ಕಾಯ್ದೆ ಪ್ರಕಾರ ರಾಜ ಒಮ್ಮೆ ಆನಿ ಹಿಂದ ಹೋಗಿ ಕೂಡಬಹುದು!"

"ನಮ್ಮ ಕಡಿ ರಾಜ ಒಮ್ಮೆ ಕುದುರಿ ಹಂಗ ಜಿಗೀತಾನ. ಅಡಗಿ ಕೂಡೂದಿಲ್ಲ. ಅಡಗಿ ಕುಂತ್ರ ರಾಜ ಹೆಂಗಾದಾನು?"

ವಕೀಲರ ಕಣ್ಣು ಮಿಂಚಿತು. ಪಾಪ, ಕೋರ್ಟು ಬಿಟ್ಟು ಎಷ್ಟೋ ವರ್ಷ ಆಗಿತ್ತು, ಎರಡು ಪಕ್ಷ ಎದುರು ನಿಂತದ್ದನ್ನು ಕಂಡಿರಲಿಲ್ಲ. ಹೆಗಲ ಮೇಲೆ ಶಾಲು ಎಳೆದುಕೊಂಡು "ಮೊದಲ ಅವರು ಹೇಳ್ಲಿ, ಆಮ್ಯಾಲ ನೀವು" ಎಂದು ವಿಚಾರಣೆ ಶುರು ಮಾಡಿದರು. ನಮ್ಮೂರ ರೂಢಿಗೆ ಸಾಕ್ಷಿಯಾಗಿ ಪಟವಾರಿಯನ್ನು ಕರೆಸಿದರು. ಅವನು ತನ್ನ ಅಜ್ಜನ ಕಾಲದಿಂದ ಹಿಡಿದ. ಅಜ್ಜ ಮುಗಿದು ಅಪ್ಪನಿಗೆ ಬರುವಷ್ಟರಲ್ಲಿ ಸ್ಟೇಷನ್ನಿನ ಕಡೆಯಿಂದ ಮದ್ರಾಸ್ ಮೇಲ್ ಗಾಡಿಯ ಸಿಳ್ಳು ಕೇಳಿತು.

"ಅಯ್ಯಯ್ಯೋ, ನನ್ನ ಪಾಳಿ!" ಎಂದು ಗುಮಾಸ್ತರು ಟೊಪ್ಪಿಗೆ ಹಿಡಿದು ಓಡಿದರು.

ವಕೀಲರು ಕನ್ನಡಕ ತೆಗೆದು, ಗಂಟಲು ಸರಿಮಾಡಿ, ತುಂಬು ತೃಪ್ತಿಯಿಂದ ಸಾರಿದರು: "ಪ್ರತಿವಾದಿ ಗೈರಹಾಜರ. ಏಕತರ್ಫಿ ತೀರ್ಪು. ದೇವದುರ್ಗದವರು ಗೆದ್ದಾರ. ಸಾಕ್ಷಿದಾರರು ತಮ್ಮ ತಂದಿ ವಿಷಯ ಮುಂದುವರಿಸಬಹುದು."

೫. ತಗೋರಿ ಬೀಗರ

ಇನ್ನು ಉಳಿದದ್ದು ಕಡೆಯ ಆಟ. ಧರ್ಮಶಾಲೆಯಲ್ಲಿ ಎಲ್ಲರನ್ನೂ ಸೋಲಿಸಿದವರನ್ನು ಕರೆತಂದರು. ನೋಡುತ್ತೇನೆ, ಮಾನ್ವಿಯ ನಮ್ಮ ಬೀಗರು! ಅಳಿಯನ ಅಪ್ಪ!

"ಅಯ್ಯ, ನೀವೇನ್ರಿ ಇಲ್ಲಿ?" ಎಂದೆ.

"ಹತ್ತಿ ಬೀಜ ನೋಡಾಕ ಬಂದಿದ್ದೆ, ಹಾದಿಯಾಗ ಆಟ ಸಿಕ್ತು. ನೀವು?"

"ನಾನೂ ಹಂಗ. ಡಾಕ್ಟರಗ ಹಲ್ಲು ತೋರಸಾಕ ಬಂದಿದ್ದೆ."

ನನಗೆ ದಿಕ್ಕು ತೋಚದಾಯಿತು. ಹೆಣ್ಣು ಕೊಟ್ಟವನು ಬೀಗರನ್ನು ನಾಲ್ಕು ಮಂದಿಯ ಎದುರು ಸೋಲಿಸಿದರೆ ಅಲ್ಲಿ ಮಗಳು ಬಾಳುವುದು ಹೇಗೆ? ಸೋತರೆ ಹಬ್ಬಕ್ಕೆ ಕೊಡುವುದು ಏನು? ಕೊನೆಗೆ ಗಡಿಯಾರಕ್ಕಿಂತ ಮಗಳು ದೊಡ್ಡವಳು ಎಂದು ಸೋಲಲು ನಿಶ್ಚಯಿಸಿದೆ. ಸೋಲುವುದು ನನಗೆ ಕಷ್ಟದ ಕೆಲಸವಲ್ಲ, ಅಭ್ಯಾಸ ಇತ್ತು.

"ಮೊದಲ ನೀವು ನಡಸ್ರಿ."

"ಛೆ ಛೆ, ನೀವು ನಡಸ್ರಿ ಬೀಗರ."

ಹೀಗೇ ಬಹಳ ಹೊತ್ತಾಯಿತು. ವಕೀಲರು ಸಿಡುಕಿದರು: "ಇದು ಮದಿವಿ ಪಂಕ್ತಿ ಅಲ್ರಿ. ಯಾರಾರ ಒಬ್ರು ಕೈ ಹಚ್ರಿ!"

ನಾನು ಒಂದು ಕುದುರೆಯನ್ನು ಅವರ ಪ್ಯಾದೆಯ ಬಾಯಿಗೆ ಇಟ್ಟೆ. "ತಗೋರಿ ಬೀಗರ."

"ಸಾಕ್ರಿ, ಹೊಟ್ಟಿ ತುಂಬೇದ." ಅವರು ಕುದುರೆಯನ್ನು ಬಿಟ್ಟು ತಮ್ಮ ಆನೆಯನ್ನು ನನ್ನ ಒಂಟೆಯ ದಾರಿಗೆ ತಂದರು. "ನೀವಾರ ಇಷ್ಟು ರುಚಿ ನೋಡ್ರಿ."

"ಇವತ್ತ ಶುಕ್ರವಾರ. ನಾ ಆನಿ ಮುಟ್ಟಂಗಿಲ್ಲ."

ನಾನು ಸೋಲಲು ಹೊರಟದ್ದು ಮರ್ಯಾದೆಗೆ. ಇವರು ಯಾಕೆ ಸೋಲಲು ಹೆಣಗುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ಮೂರು ತಾಸಾಯಿತು. ಹಲಗೆಯ ಮೇಲೆ ಮೂವತ್ತೆರಡು ಕಾಯಿಯೂ ಕ್ಷೇಮ. ಲೋಕವೆಲ್ಲ ಹೊಡೆದಾಡಿ ಸಾಯುತ್ತಿದ್ದ ಆ ವರ್ಷ ಒಂದೂ ಹೆಣ ಬೀಳದ ಯುದ್ಧ ನಮ್ಮದೊಂದೇ.

ವಕೀಲರು ಎದ್ದು ನಿಂತರು. "ಸಮ! ಇಬ್ಬರದೂ ಸಮ!" ಗಡಿಯಾರ ಒಂದೇ ಇತ್ತಲ್ಲ? ಅವರು ಜೀವಮಾನವಿಡೀ ಅಣ್ಣತಮ್ಮಂದಿರ ಆಸ್ತಿ ಪಾಲು ಮಾಡಿಸಿದವರು. ಕೂಡಲೇ ಪಾಲು ಮಾಡಿದರು: "ವಯಸ್ಸಿನಾಗ ಹಿರಿಯರು ಮಾನ್ವಿಯವರು, ಅವರಿಗೆ ಗಡಿಯಾರ. ದೇವದುರ್ಗದವರಿಗೆ ಅದರ ಚಾವಿ."

ವಾಚನಾಲಯದ ಮೆಟ್ಟಿಲ ಮೇಲೆ ಬೀಗರು ನನ್ನ ರಟ್ಟೆ ಹಿಡಿದರು. "ಎಂಥಾ ಕೆಲಸ ಮಾಡಿದ್ರಿ! ಪಂದ್ಯದ ಸುದ್ದಿ ಕೇಳಿ ನಿಮ್ಮ ಮಗಳು 'ನಮ್ಮಪ್ಪಗ ಸರಿಸಾಟಿ ಯಾರೂ ಇಲ್ಲ, ಗಡಿಯಾರ ಗೆದ್ದ ತರ್ತಾನ' ಅಂತ ಹೇಳಿದ್ಲು. ಈ ಕಡಿ ಗಟ್ಟಿ ಆಟಗಾರರನ್ನ ನಾ ಹೊಡದು ಹಾಕಿ ಕಡೀಕ ನಿಮಗ ಸೋತ್ರಾತು ಅಂತ ಬಂದಿದ್ದೆ. ಮನಿಯಾಗ ಮೊಳಿ ಬ್ಯಾರೆ ಹೊಡದು ಬಂದೀನಿ!"

ನನ್ನ ಬಡಾಯಿಯನ್ನು ನಂಬಿದವರು ಈ ಲೋಕದಲ್ಲಿ ಇಬ್ಬರಿದ್ದಾರೆ ಎಂದು ಆ ದಿನ ತಿಳಿಯಿತು. ಇನ್ನು ಸೋಲೇನು, ಗೆಲುವೇನು?

೬. ಎಂಟು ದಿನದ ಗಡಿಯಾರ

ದೀಪಾವಳಿಗೆ ತಟ್ಟೆಯಲ್ಲಿ ಎಲೆ, ಅಡಿಕೆ, ಕುಂಕುಮ ಹಚ್ಚಿದ ಚಾವಿ ಇಟ್ಟುಕೊಂಡು ಮಾನ್ವಿಗೆ ಹೋದೆ. ಅಳಿಯ ಕೈ ಚಾಚಿದ. ಬೀಗರು ತಡೆದರು. "ತಗೋಬ್ಯಾಡ. ಇದು ಎಂಟು ದಿನಕ್ಕೊಮ್ಮೆ ಚಾವಿ ಕೊಡೋ ಗಡಿಯಾರ. ಹೆಣ್ಣು ಕೊಟ್ಟವರು ಮಗಳ ಮನಿಗಿ ನೆಪ ಇಲ್ದ ಹೆಂಗ ಬರಬೇಕು? ಚಾವಿ ಅವರ ಹತ್ರನ ಇರ್ಲಿ." ಮಗಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಕಣ್ಣಿಗೆ ಇದ್ದಿಲ ಬಸ್ಸಿನ ಹೊಗೆ ಹೋಗಿತ್ತು.

ಹೀಗಾಗಿ ನಮ್ಮ ಗೋಡೆಯ ಮೊಳೆಗೆ ಚಾವಿ ತೂಗುಬಿತ್ತು. ಗೆದ್ದ ಗಡಿಯಾರ ನೋಡಲು ಬಂದವರು ಚಾವಿ ನೋಡಿಕೊಂಡು ಹೋದರು. ಯಾರಾದರೂ ಹೊತ್ತು ಕೇಳಿದರೆ ನಾನು ಗಂಭೀರವಾಗಿ ಚಾವಿಯತ್ತ ನೋಡಿ, "ಮಾನ್ವಿಯಾಗ ಹತ್ತು ಹೊಡದಿರಬೇಕು" ಎನ್ನುತ್ತಿದ್ದೆ.

ಎಂಟು ದಿನಕ್ಕೊಮ್ಮೆ ತಪ್ಪದೆ ಹೋದೆ. ಹೋದಾಗಲೆಲ್ಲ ಬೀಗರೆಂದು ಹೋಳಿಗೆಯ ಊಟ. ಆಮೇಲೆ, ಬಸ್ಸಿನ ಭರವಸೆ ಏನು, ಗಡಿಯಾರ ನಿಂತರೆ ಅಳಿಯನ ಸಾಲಿಯ ಗತಿ ಏನು ಎಂದು ಆರು ದಿನಕ್ಕೇ ಹೋಗತೊಡಗಿದೆ. ಬರಬರುತ್ತ ನಾಲ್ಕು ದಿನಕ್ಕೆ. ಒಮ್ಮೆ ಸ್ಟೂಲು ಹತ್ತಿ ಚಾವಿ ಹಾಕಿದರೆ ತಿರುಗಲೇ ಇಲ್ಲ. ಮೊನ್ನೆ ಕೊಟ್ಟ ಚಾವಿಯೇ ತುಂಬಿ ಕುಳಿತಿತ್ತು.

"ಯಾಕೋ ತಿರುಗವಲ್ದು" ಎಂದೆ.

ಅಡಿಗೆಮನೆಯ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದ ಬೀಗತಿಯವರು ಅಂದರು: "ಬೀಗರ, ಅದು ಎಂಟು ದಿನದ ಗಡಿಯಾರ, ಹೊಟ್ಟಿ ತುಂಬಿದ ಮ್ಯಾಲ ಸಾಕು ಅಂತದ. ನೀವು ಎಷ್ಟು ದಿನದವ್ರು, ಅದೊಂದು ಹೇಳಿಬಿಡ್ರಿ, ಬ್ಯಾಳಿ ಅಷ್ಟ ನೆನಿ ಹಾಕ್ತೀನಿ."