ಲಗ್ಗೆರೆಯಿಂದ ದೊಡ್ಡನೆಕ್ಕುಂದಿಗೆ, ಅತ್ತೆಯ ಸಮೇತ

ಗೊತ್ತಿಲ್ಲದ ಊರಿಗೆ ಹೋದವರು ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡು ಸುತ್ತ ನೋಡುತ್ತಾರೆ. ಬೆಂಗಳೂರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮನೆ ಸಾಗಿಸಿದವರಿಗೆ ಆ ಬುದ್ಧಿ ಬರುವುದಿಲ್ಲ. ಅದೇ ಬೆಂಗಳೂರು, ಅದೇ ಬಸ್ಸು, ನಮಗೆ ಗೊತ್ತಿಲ್ಲದ್ದೇನಿದೆ ಅಂದುಕೊಂಡು ಬಾಯಿ ಬಿಡುತ್ತೇವೆ, ಪೇಚಿಗೆ ಸಿಕ್ಕಿಕೊಳ್ಳುತ್ತೇವೆ. ನಮ್ಮ ಮನೆಯಲ್ಲಂತೂ ಇದು ವಾರಕ್ಕೊಂದು.

ನನ್ನ ಗಂಡ ಲಗ್ಗೆರೆಯ ಪಕ್ಕದಲ್ಲೇ ಇರುವ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದರು. ದೀಪಾವಳಿ ಕಳೆದ ಮೇಲೆ ಮಾಲೀಕರು ಇಡೀ ವರ್ಕ್‌ಶಾಪನ್ನೇ ಎತ್ತಿ ದೊಡ್ಡನೆಕ್ಕುಂದಿಗೆ ತಂದು ಹಾಕಿದರು. ಮೆಷಿನ್ ಹಿಂದೆ ಗಂಡ, ಗಂಡನ ಹಿಂದೆ ನಾನು, ನನ್ನ ಸೊಂಟದ ಮೇಲೆ ಮೂರು ವರ್ಷದ ಮಗಳು, ಎಲ್ಲರ ಹಿಂದೆ ಗೊಣಗುತ್ತಾ ನಮ್ಮತ್ತೆ. ಮದುವೆಯಾಗಿ ಬಂದಾಗಿನಿಂದ ಲಗ್ಗೆರೆಯಲ್ಲೇ ಇದ್ದವರು ಅವರು. ಟೆಂಪೋ ಹತ್ತುವಾಗಲೇ ಷರತ್ತು ಹಾಕಿದರು: "ಯುಗಾದಿವರೆಗೆ ನೋಡ್ತೀನಿ. ಹಿಡಿಸಿದ್ರೆ ಇರ್ತೀನಿ. ಇಲ್ದಿದ್ರೆ ಲಗ್ಗೆರೆಗೆ ವಾಪಸ್, ಮಗಳ ಮನೆಗೆ."

ಇಲ್ಲಿ ನನಗೆ ಮಾರತ್ತಹಳ್ಳಿಯ ಟೈಲರ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮಗಳನ್ನು ನೋಡಿಕೊಳ್ಳುವವರು ಅತ್ತೆ. ಅವರು ಹೋದರೆ ನನ್ನ ಕೆಲಸವೂ ಹೋದಂತೆ. ಅದೂ ಅಲ್ಲದೆ, ಆಮೇಲೆ ನನಗೆ ಜಗಳವಾಡಲು ಗಂಡ ಒಬ್ಬರೇ ಉಳಿಯುತ್ತಾರೆ. ಅವರೋ ಎರಡನೇ ಮಾತಿಗೇ ಗೊರಕೆ ಹೊಡೆಯುತ್ತಾರೆ. ಹಾಗಾಗಿ ಆ ನಾಲ್ಕೈದು ತಿಂಗಳು ದೊಡ್ಡನೆಕ್ಕುಂದಿ ಏನು ಮಾಡಿದರೂ ನಾನು ಮೊದಲು ಅತ್ತೆಯ ಮುಖ ನೋಡುತ್ತಿದ್ದೆ.

ಹಾಲಿನ ಲೋಟ

ಹೊಸ ಮನೆಗೆ ಹೋದ ದಿನ ಹಾಲು ಉಕ್ಕಿಸಿ, ಸಕ್ಕರೆ ಹಾಕಿ, ಅಕ್ಕಪಕ್ಕದವರಿಗೂ ಕೊಡುವುದು ನಮ್ಮ ಪದ್ಧತಿ. ಲಗ್ಗೆರೆಯಲ್ಲಾದರೆ ಕೊಡಲು ಯಾರ ಮನೆಗೂ ಹೋಗಬೇಕಾಗಿಲ್ಲ. ಟೆಂಪೋ ನಿಲ್ಲುವಷ್ಟರಲ್ಲಿ ಬೀದಿಯೇ ಬಂದಿರುತ್ತದೆ. ಒಬ್ಬಳು ಬೀರು ಇಳಿಸಲು ಕೈ ಜೋಡಿಸಿದರೆ ಇನ್ನೊಬ್ಬಳು "ಎರಡನೇದು ಯಾವಾಗಮ್ಮ?" ಅಂತ ಕೇಳಿಯೂ ಮುಗಿಸಿರುತ್ತಾಳೆ.

ಇಲ್ಲಿ ಮೂರು ಮಹಡಿ, ಎಲ್ಲ ಬಾಗಿಲೂ ಮುಚ್ಚಿದ್ದವು. ಅತ್ತೆ ಸ್ಟೀಲ್ ಲೋಟ ಹಿಡಿದು ಎದುರು ಮನೆಯ ಬೆಲ್ ಒತ್ತಿದರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಸಾಫ್ಟ್‌ವೇರ್‌ನವನೊಬ್ಬ ಬಾಗಿಲು ತೆಗೆದ.

"ಆಂಟಿ, ನಾನೇನೂ ಆರ್ಡರ್ ಮಾಡಿಲ್ವಲ್ಲ?"

"ಆರ್ಡರ್ ಅಲ್ಲಪ್ಪ, ಹಾಲು. ಹೊಸದಾಗಿ ಬಂದಿದ್ದೀವಿ, ಕುಡಿ."

ಅವನು ಲೋಟ ನೋಡಿದ, ಅತ್ತೆಯನ್ನು ನೋಡಿದ, ಮತ್ತೆ ಲೋಟ ನೋಡಿದ. "ಫ್ರೀನಾ?" ಅಂದ.

"ಲೋಟ ಆಮೇಲೆ ಕೊಡು. ಬರೀ ಲೋಟ ವಾಪಸ್ ಕೊಡಬಾರದು ಅಂತ ನಿಮ್ಮಮ್ಮ ಹೇಳಿಕೊಟ್ಟಿರಬೇಕಲ್ಲ?" ಅಂತ ಚುಚ್ಚಿ ಅತ್ತೆ ಒಳಗೆ ಬಂದರು. ನಮ್ಮ ಕಡೆ ಪಾತ್ರೆ ಹಿಂತಿರುಗಿಸುವಾಗ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ.

ಸಂಜೆ ಬೆಲ್ ಆಯಿತು. ಲೋಟ ತೊಳೆದು ತಂದಿದ್ದ. ಒಳಗೆ ಎರಡು ಟೊಮ್ಯಾಟೊ ಸಾಸ್ ಪ್ಯಾಕೆಟ್ಟು, ಒಂದು ಟಿಶ್ಯೂ ಪೇಪರ್. "ಅಮ್ಮಂಗೆ ಫೋನ್ ಮಾಡಿ ಕೇಳಿದೆ ಆಂಟಿ. ಬರೀ ಲೋಟ ಕೊಡಬಾರದಂತೆ. ಮನೇಲಿ ಇದ್ದಿದ್ದು ಇಷ್ಟೇ."

ಅತ್ತೆ ಬಾಗಿಲು ಹಾಕಿ ನನಗೆ ಹೇಳಿದರು: "ಈ ಏರಿಯಾಗೆ ಸಂಸ್ಕಾರ ಐತೆ ಕಣಮ್ಮ. ಸಕ್ಕರೆ ಡಬ್ಬ ಇಲ್ಲ, ಅಷ್ಟೆ."

ಎರಡು ಇಂಚು

ಒಂದು ಏರಿಯಾದ ಗುಣ ತಿಳಿಯಬೇಕಾದರೆ ಅಲ್ಲಿನ ಹೆಂಗಸರ ರವಿಕೆ ಹೊಲಿಯಬೇಕು. ಲಗ್ಗೆರೆಯಲ್ಲಿ ನಾನು ಮನೆಯಲ್ಲೇ ಹೊಲಿಯುತ್ತಿದ್ದಾಗ ಬಂದವರೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ಒಳಗೆ ಎರಡಿಂಚು ಬಟ್ಟೆ ಬಿಡು ಕಣೇ, ನಾಳೆ ದಪ್ಪ ಆದ್ರೆ ಬಿಚ್ಚಿಕೊಳ್ಳೋಕೆ ಆಗ್ಬೇಕು." ಅಲ್ಲಿ ಮನೆಗಳೂ ಹಾಗೆಯೇ. ಎರಡನೇ ಮಹಡಿ ಕಟ್ಟಿ ತಾರಸಿಯ ಮೇಲೆ ಕಂಬಿ ಹಾಗೇ ಬಿಟ್ಟಿರುತ್ತಾರೆ, ನಾಳೆ ಮೂರನೆಯದು ಏಳಬೇಕಲ್ಲ. ಒಟ್ಟಿನಲ್ಲಿ ಬೆಳೆಯುವುದಕ್ಕೆ ಜಾಗ ಬಿಟ್ಟುಕೊಂಡೇ ಬದುಕುವ ಏರಿಯಾ.

ಮಾರತ್ತಹಳ್ಳಿ ಅಂಗಡಿಗೆ ಒಬ್ಬರು ಮೇಡಂ ರೇಷ್ಮೆ ಬಟ್ಟೆ ತಂದರು. ನಾನು ಟೇಪ್ ಹಿಡಿದು ಅಳತೆ ಹೇಳಿದೆ.

"ಅಷ್ಟು ಬೇಡ, ಎರಡಿಂಚು ಕಮ್ಮಿ ಮಾಡಿ ಹೊಲೀರಿ."

"ಮೇಡಂ, ಉಸಿರಾಡೋಕೆ ಆಗಲ್ಲ."

"ಜಿಮ್ ಸೇರಿದ್ದೀನಿ. ಮದುವೆ ಇರೋದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಈ ಸೈಜಿಗೆ ಬಂದಿರ್ತೀನಿ."

ಮುಂದೆ ದಪ್ಪ ಆಗುತ್ತೇನೆ ಅಂತ ಹೊಲಿಸುವವರನ್ನು ನೋಡಿದ್ದೆ. ಮುಂದೆ ಸಣ್ಣ ಆಗುತ್ತೇನೆ ಅಂತ ಹೊಲಿಸುವವರನ್ನು ಇಲ್ಲೇ ನೋಡಿದ್ದು. ಹೇಳಿದಂತೆ ಹೊಲಿದುಕೊಟ್ಟೆ. ಮದುವೆಗೆ ಎರಡು ದಿನ ಇರುವಾಗ ಓಡಿ ಬಂದರು. ಮುಖ ಸಣ್ಣದಾಗಿತ್ತು, ಮಿಕ್ಕಿದ್ದೆಲ್ಲ ಹಾಗೇ ಇತ್ತು.

"ಏನಾದ್ರೂ ಮಾಡಿ ಪ್ಲೀಸ್! ಇದೇ ಬಟ್ಟೆ ಮತ್ತೆ ಸಿಗಲ್ಲ."

"ಗಾಬರಿ ಆಗ್ಬೇಡಿ ಮೇಡಂ," ಅಂದೆ, "ಒಳಗಡೆ ಎರಡಿಂಚು ಲಗ್ಗೆರೆ ಬಿಟ್ಟಿದ್ದೀನಿ."

ನರಿ ಮತ್ತು ಚಿರತೆ

ನಮ್ಮ ಓನರಮ್ಮ ದೊಡ್ಡನೆಕ್ಕುಂದಿಯ ಮೂಲದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ಆದರೂ ಪಾರ್ಕಿಂಗ್‌ನಲ್ಲಿ ಎರಡು ಕಾರುಗಳ ನಡುವೆ ಒಂದು ಹಸು ಕಟ್ಟಿದ್ದಾರೆ. ಅತ್ತೆಗೂ ಅವರಿಗೂ ದಿನಾ ಸಂಜೆ ಮೆಟ್ಟಿಲ ಮೇಲೆ ಪೈಪೋಟಿ.

"ನಾನು ಮದುವೆಯಾಗಿ ಬಂದಾಗ ಲಗ್ಗೆರೇಲಿ ನರಿ ಊಳಿಡ್ತಿತ್ತು," ಅಂದರು ಅತ್ತೆ.

"ನರಿ ಏನ್ ಮಹಾ ಬಿಡಕ್ಕ. ನಮ್ ಕೆರೆ ತಾವ ಚಿರತೆ ನೀರು ಕುಡಿಯೋಕ್ ಬರ್ತಿತ್ತು."

"ನಮ್ಮಲ್ಲಿ ಆನೆ ಬಂದಿತ್ತು."

"ಪೀಣ್ಯಕ್ಕೆ ಆನೆ? ಯಾವ ಫ್ಯಾಕ್ಟ್ರೀಲಿ ಕೆಲ್ಸಕ್ಕಿತ್ತು?"

ಕೈ ಕೈ ಮಿಲಾಯಿಸುವ ಹೊತ್ತಿಗೆ ನನ್ನ ಮಗಳು ಕಣ್ಣರಳಿಸಿ ಕೇಳಿದಳು: "ಅಜ್ಜಿ, ಈಗ ಯಾವುದು ಬರುತ್ತೆ?"

ಇಬ್ಬರೂ ಒಟ್ಟಿಗೆ ಹೇಳಿದರು: "ನೀರಿನ ಟ್ಯಾಂಕರ್ರು."

ಗೇಟಿನ ಫೋಟೋ

ಒಂದು ಭಾನುವಾರ ವೈಟ್‌ಫೀಲ್ಡಿನ ದೊಡ್ಡ ಅಪಾರ್ಟ್‌ಮೆಂಟಿಗೆ ಹೊಲಿದ ಬಟ್ಟೆ ಕೊಡಲು ಹೊರಟೆ. "ನಾನೂ ನೋಡ್ತೀನಿ, ಅದೇನು ಅಂಥಾ ವೈಟ್‌ಫೀಲ್ಡು" ಅಂತ ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಜೊತೆಗೆ ಬಂದರು. ಗೇಟಿನಲ್ಲಿ ರಾಯಚೂರು ಕಡೆಯ ಸೆಕ್ಯುರಿಟಿ ಇದ್ದ.

"ಅಮ್ಮಾರ, ಹಿಂಗ ನಿಂದರ್ರಿ. ಒಂದ್ ಫೋಟೋ ತಗೀಬೇಕು."

ಅತ್ತೆಯ ಮುಖ ಅರಳಿತು. "ತಡಿಯಪ್ಪ" ಅಂದವರೇ ಸೆರಗು ಸರಿ ಮಾಡಿಕೊಂಡರು, ಮಗಳ ಜುಟ್ಟು ಬಿಚ್ಚಿ ಮತ್ತೆ ಕಟ್ಟಿದರು, ನನ್ನನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿಕೊಂಡರು. ಹಿಂದೆ ಕಾರುಗಳು ಸಾಲು ನಿಂತು ಹಾರ್ನ್ ಹೊಡೆಯುತ್ತಿದ್ದವು.

"ಇವರು ಎಷ್ಟು ಮರ್ಯಾದೆ ಕೊಡ್ತಾರೆ ನೋಡು, ಬಂದೋರಿಗೆಲ್ಲ ಫೋಟೋ ತೆಗೀತಾರೆ. ಲಗ್ಗೆರೇಲಿ ಯಾರು ಕೇಳ್ತಾರೆ?" ಅಂತ ನನಗೆ ಹೇಳಿ, ಅವನ ಕಡೆ ತಿರುಗಿದರು. "ನಮಗೂ ಒಂದು ಕಾಪಿ ಕೊಡಪ್ಪ."

ಪಾಪ, ಅವನು ತಲೆ ಕೆರೆದುಕೊಂಡು ಮೆಲ್ಲಗೆ ಹೇಳಿದ: "ಅಮ್ಮಾರ, ಇದು ಒಳಗ ಏನರ ಕಳುವಾದ್ರ ಹಿಡಿಯಾಕ ಬೇಕಂತ ತಗಿಯೂ ಫೋಟೋ ರೀ."

ಅತ್ತೆ ಮುಂದಕ್ಕೆ ಬಗ್ಗಿದರು. "ಇರಲಿ ಬಿಡು. ಚೆನ್ನಾಗಿ ಬಂದೈತಾ?"

ರಿಂಗ್ ರೋಡು

ಯುಗಾದಿಗೆ ಇನ್ನೊಂದು ವಾರ ಇತ್ತು. ಹೇಗೋ ದಡ ಸೇರಿದೆ ಅಂದುಕೊಂಡಿದ್ದೆ. ಭಾನುವಾರ ಬೆಳಗ್ಗೆ ಓನರಮ್ಮನೂ ಅತ್ತೆಯೂ ಸೊಪ್ಪು ಸೋಸುತ್ತಾ ಕೂತಿದ್ದರು.

"ನಿಮ್ ಲಗ್ಗೆರೆ ನಾನೂ ನೋಡಿವ್ನಿ ಕಣಕ್ಕ," ಅಂದರು ಓನರಮ್ಮ. "ಗೋಡೆಗೆ ಗೋಡೆ ಅಂಟ್ಕೊಂಡೈತೆ. ನಿಮ್ಮನೇಲಿ ಒಗ್ಗರಣೆ ಆಕಿದ್ರೆ ಪಕ್ಕದ ಮನೆಯೋನು ಸೀನ್ತಾನೆ."

ಮಾತು ನಿಜ. ಲಗ್ಗೆರೆಯಲ್ಲಿ ನನ್ನ ಒಗ್ಗರಣೆಗೆ ಪಕ್ಕದ ಮನೆಯವನು ದಿನಾ ಸೀನುತ್ತಿದ್ದ, ನಾನು ನಮ್ಮ ಅಡುಗೆಮನೆಯಿಂದಲೇ "ಶತಾಯುಸ್ಸು" ಅನ್ನುತ್ತಿದ್ದೆ. ಅದು ನೆನಪಾಗಿ ಜೋರಾಗಿ ನಕ್ಕುಬಿಟ್ಟೆ.

ಅತ್ತೆ ಸೊಪ್ಪು ಕೆಳಗಿಟ್ಟರು. "ನಗಮ್ಮ, ಚೆನ್ನಾಗಿ ನಗು. ನಾನು ಹೊರಟೆ." ಬ್ಯಾಗಿಗೆ ಎರಡು ಸೀರೆ ಹಾಕಿಕೊಂಡು, ಬಸ್ಸು ಫ್ರೀ ಆಗಲು ಬೇಕಾದ ಆಧಾರ್ ಕಾರ್ಡ್ ತೆಗೆದುಕೊಂಡು, ಮೊಮ್ಮಗಳ ಕೆನ್ನೆ ಮುಟ್ಟಿ ಹೋಗಿಯೇಬಿಟ್ಟರು. ಗಂಡನನ್ನು ಎಬ್ಬಿಸಿದೆ. "ಹೋಗಿ ಬರ್ಲಿ ಬಿಡು" ಅಂತ ಮಗ್ಗುಲು ಬದಲಿಸಿದರು. ನಾಳೆ ಸೋಮವಾರ, ಮಗಳನ್ನು ಎಲ್ಲಿ ಬಿಟ್ಟು ಅಂಗಡಿಗೆ ಹೋಗಲಿ? ಅಂಗಡಿಯ ಚಿಂತೆ ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ಅವರು ಅರ್ಧ ಸೋಸಿಟ್ಟ ಸೊಪ್ಪನ್ನು ಮುಟ್ಟಲು ಮನಸ್ಸಾಗಲಿಲ್ಲ.

ಮಧ್ಯಾಹ್ನವಾದರೂ ಅತ್ತೆ ಲಗ್ಗೆರೆ ತಲುಪಿಲ್ಲ ಅಂತ ನಾದಿನಿ ಫೋನ್ ಮಾಡಿದಳು. ತಕ್ಷಣ ಅತ್ತೆಯ ಫೋನಿಗೆ ಮಾಡಿದೆ. ಆ ಕಡೆ ಬರೀ ಹಾರ್ನ್.

"ಎಲ್ಲಿದ್ದೀರಾ ಅತ್ತೆ? ಹೆಬ್ಬಾಳ ದಾಟಿತಾ?"

"ಹೆಬ್ಬಾಳ ಎಲ್ಲಿ ಬಂತು? ಇದೇನೋ ಸಿಲ್ಕ್ ಬೋರ್ಡ್ ಅಂತೆ."

"ಅಯ್ಯೋ, ಅದು ಉಲ್ಟಾ ದಿಕ್ಕು!"

"ಯಾವ ಉಲ್ಟಾ? ಇದು ರಿಂಗ್ ರೋಡ್ ತಾನೆ? ರಿಂಗ್ ಅಂದ್ರೆ ಉಂಗುರ. ಉಂಗುರದಾಗೆ ಯಾವ ಕಡೆಯಿಂದ ಹೋದ್ರೂ ಲಗ್ಗೆರೆ ಬರ್ಲೇಬೇಕು. ಲಗ್ಗೆರೆ ಬಸ್ಸಿಗೆ ರಸ್ತೆ ದಾಟಬೇಕು, ಆ ಸೇತುವೆ ಮೆಟ್ಟಿಲು ಹತ್ತೋಕೆ ನನ್ನ ಮಂಡಿ ಕೇಳಲ್ಲ. ಅದಕ್ಕೆ ಈ ಕಡೆದೇ ಹತ್ತಿದೆ. ಟಿಕೆಟ್ ಫ್ರೀ, ಸೀಟು ಸಿಕ್ಕೈತೆ. ನಿಂಗೇನು ಕಷ್ಟ?"

ಕಂಡಕ್ಟರ್ ಫೋನ್ ಇಸಿದುಕೊಂಡರು. "ಮೇಡಂ, ನಿಮ್ಮತ್ತೆಗೆ ನೀವಾದ್ರೂ ಹೇಳಿ. ರಸ್ತೆ ಉಂಗುರ ಇರಬಹುದು, ನಮ್ಮ ಬಸ್ಸು ಉಂಗುರ ಅಲ್ಲ. ಬನಶಂಕರೀಲಿ ನಿಂತುಬಿಡುತ್ತೆ." ಅವರ ಹಿಂದೆ ಅತ್ತೆ ಪಕ್ಕದ ಸೀಟಿನವರಿಗೆ ಹೇಳುತ್ತಿದ್ದುದು ಕೇಳಿಸಿತು: "ಇದೇನು ಟ್ರಾಫಿಕ್ಕವ್ವಾ! ನಮ್ಮ ದೊಡ್ಡನೆಕ್ಕುಂದೀಲಿ ಇಷ್ಟಿಲ್ಲ."

ನಮ್ಮ ದೊಡ್ಡನೆಕ್ಕುಂದಿ! ನನಗೆ ಒಂಚೂರು ಉಸಿರು ಬಂತು.

ಕಂಡಕ್ಟರ್ ದೇವರಂಥವರು. ಸಿಲ್ಕ್ ಬೋರ್ಡಿನಲ್ಲಿ ಇಳಿಸಿ, ಹೆಬ್ಬಾಳದ ಕಡೆ ಹೋಗುವ ಬಸ್ಸಿಗೆ ಹತ್ತಿಸಿ, ಆ ಕಂಡಕ್ಟರ್‌ಗೂ ಹೇಳಿದರಂತೆ. ಹೆಬ್ಬಾಳದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದರೆ ಸೀದಾ ಲಗ್ಗೆರೆ. ಅಂದರೆ ನಮ್ಮ ಸ್ಟಾಪಿನ ಮುಂದೆಯೇ ಹಾದು ಹೋಗುತ್ತಾರೆ. ಸರಿ, ಹೋದರು ಅಂದುಕೊಂಡೆ. ನಾದಿನಿಗೆ "ಸಂಜೆಗೆ ಬರ್ತಾರೆ" ಅಂತ ಹೇಳಿ, ಮಿಕ್ಕ ಸೊಪ್ಪು ಸೋಸಿದೆ.

ಬಿಸಿಲು ಇಳಿಯುವ ಹೊತ್ತಿಗೆ ಗೇಟು ಕಿರ್ ಅಂದಿತು. ಬಗ್ಗಿ ನೋಡಿದೆ. ಬ್ಯಾಗು ಕಂಕುಳಲ್ಲಿ, ಕೈ ಮಂಡಿಯ ಮೇಲೆ, ಏದುಸಿರು ಬಿಡುತ್ತಾ ಅತ್ತೆ! ಆ ಬಸ್ಸು ಇಳಿಸುವುದು ರಸ್ತೆಯ ಆ ಕಡೆ. ಮನೆಗೆ ಬರಬೇಕಾದರೆ ಬೆಳಗ್ಗೆ ಬೇಡವೆಂದ ಅದೇ ಸೇತುವೆ ಹತ್ತಿ ಇಳಿಯಬೇಕು.

ಹಸುವಿಗೆ ಹುಲ್ಲು ಹಾಕುತ್ತಿದ್ದ ಓನರಮ್ಮ ಬಿಟ್ಟಾರೆಯೇ? "ಏನಕ್ಕ, ಲಗ್ಗೆರೆಗೆ ಓಗ್ಲಿಲ್ವಾ?"

ಅತ್ತೆ ಕತ್ತು ಎತ್ತಿ ನಿಂತರು. "ಹೋಗ್ತಾನೇ ಇದ್ದೀನಿ. ದಾರೀಲಿ ನಮ್ಮನೆ ಸಿಕ್ತು. ಒಂದು ಲೋಟ ಕಾಫಿ ಕುಡ್ಕೊಂಡು ಹೋಗೋಣ ಅಂತ ಇಳಿದೆ."

ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಯುಗಾದಿ ಕಳೆಯಿತು, ಗಣೇಶನ ಹಬ್ಬವೂ ಕಳೆಯಿತು. ಅತ್ತೆ ಆ ಕಾಫಿಯನ್ನು ಇನ್ನೂ ಕುಡಿಯುತ್ತಲೇ ಇದ್ದಾರೆ.